ಬೋಟಿನ ಹೊಟ್ಟೆಯೊಳಗೆ

ಗಂಗಾಲಕ್ಷ್ಮಿ ಜಗಳ ಆಡುವುದಕ್ಕೆಂದೇ ಬಂದಿದ್ದಳು. ಆದರೆ ಜಗಳಕ್ಕೆ ಸಿಕ್ಕಿದ್ದು ಎರಡು ಕಾಲುಗಳು ಮಾತ್ರ.

ಅತ್ತಿಕುಂಟೆ ಕೆರೆಯ ದಡದಲ್ಲಿ, ನೀಲಗಿರಿ ದಿಮ್ಮಿಗಳ ಮೇಲೆ ಎತ್ತಿ ಕೂರಿಸಿದ್ದ ಬೋಟಿಗೆ ಅವಳು ಏಣಿ ಹತ್ತಿ ಬಂದಳು. ಹಿಂಬದಿಯ ನೆಲದಲ್ಲಿ ಒಂದು ಚೌಕ ಕಿಂಡಿ. ಅದರೊಳಗೆ ಯಾರೋ ಸೊಂಟದ ತನಕ ತಲೆಕೆಳಗಾಗಿ ಇಳಿದಿದ್ದರು. ಹೊರಗೆ ಉಳಿದದ್ದು ಗ್ರೀಸು ಮೆತ್ತಿದ ಜೀನ್ಸು, ಅದರ ತುದಿಯಲ್ಲಿ ಎರಡು ದೊಡ್ಡ ಬರಿಗಾಲು.

"ರೀ, ಈ ಬೋಟಿಗೆ ಪೇಂಟ್ ಹೊಡ್ದು ತಂದ್ಕೊಟ್ಟೋರು ನೀವೇ ತಾನೆ?"

ಬಲಗಾಲಿನ ಹೆಬ್ಬೆರಳು ಅಲ್ಲಾಡಿತು.

"ಮೇಲೆ ನೀಲಿ ಪೇಂಟು, ಒಳಗೆ ಟೊಳ್ಳು! ಒಂದು ಮಳೆ ತಡ್ಕೊಳ್ಳಲಿಲ್ವಲ್ರೀ. ಕಟ್ಟಿದ ಜಾಗದಲ್ಲೇ ಹಿಂದ್ಗಡೆ ಮುಳುಗಿ ಎಮ್ಮೆ ಥರ ಕೂತ್ಬಿಡ್ತು. ಹೆಂಗಸ್ರನ್ನೆಲ್ಲ ಒಪ್ಸಿ ಬೋಟ್ ತರ್ಸಿದ್ದು ನಾನು. ಈಗ ಹಾಲಿನ ಕ್ಯೂನಲ್ಲಿ ನನ್ ಮುಖ ನೋಡಿ ನಗ್ತಾರೆ. ಏನಾದ್ರೂ ಹೇಳೋದಿದ್ರೆ ಎದ್ದು ಬಂದು, ಮುಖ ಕೊಟ್ಟು ಹೇಳಿ!"

ಬೋಟಿನ ಹೊಟ್ಟೆಯಿಂದ ಗಂಡುದನಿಯೊಂದು, ಬಾವಿಯೊಳಗಿನಿಂದ ಬಂದ ಹಾಗೆ, ಬಲು ವಿನಯದಿಂದ ಬಂತು. "ಬರ್ಬೇಕು ಅಂತ್ಲೇ ಇದೀನಿ ಮೇಡಂ. ಆಗ್ತಾ ಇಲ್ಲ."

"ಅಂದ್ರೆ?"

"ಸಿಕ್ಕಾಕ್ಕೊಂಡಿದೀನಿ. ಭುಜ ಹಿಂದಕ್ಕೆ ಬರ್ತಿಲ್ಲ."

ಗಂಗಾಲಕ್ಷ್ಮಿ ತುಟಿ ಕಚ್ಚಿಕೊಂಡಳು. ಬೈಯಲು ಬಂದವಳು ನಗಬಾರದು. ಏಣಿ ಇಳಿದು, ಹತ್ತಿರದಲ್ಲೇ ಇದ್ದ ಡೇರಿಗೆ ಹೋಗಿ, ಕ್ಯಾನು ತೊಳೆಯುವ ಸೋಪಿನ ನೀರನ್ನು ಬಕೆಟ್ಟಿನಲ್ಲಿ ತಂದಳು. ಕಿಂಡಿಯ ಸುತ್ತ, ಅವನ ಬೆನ್ನಿನ ಪಕ್ಕದಿಂದ ಅದನ್ನು ಧಾರಾಳವಾಗಿ ಸುರಿದಳು. ಆಮೇಲೆ ಅವನ ಎರಡೂ ಹಿಮ್ಮಡಿ ಹಿಡಿದು ಎಳೆದಳು. ಒಮ್ಮೆಲೆ ಭುಜ ಬಿಟ್ಟುಕೊಂಡು, ಆಳು ನೊರೆ ಸಮೇತ ಹೊರಬಿದ್ದ. ಎಳೆದ ರಭಸಕ್ಕೆ ಅವಳೂ ಹಿಂದಕ್ಕೆ ಕೂತಳು.

ಹೀಗೆ ಭೀಮರಾಜನ ಮುಖವನ್ನು ಅವಳು ಮೊದಲ ಸಲ ಹತ್ತಿರದಿಂದ ನೋಡಿದಳು. ಹುಬ್ಬಿನ ಮೇಲೆ ಸೋಪಿನ ನೊರೆ, ಕೆನ್ನೆಗೆ ತುಕ್ಕಿನ ಗೆರೆ. ಆ ದೊಡ್ಡ ಮೈಗೆ ಒಪ್ಪದ ಹಾಗೆ ಮಗುವಿನ ಕಣ್ಣು. ಅವನು ಅವಳನ್ನು ನೋಡಲಿಲ್ಲ. ಅವಳ ಹೆಗಲಾಚೆ, ಕೆರೆಯ ಕಡೆ ನೋಡುತ್ತಿದ್ದ.

"ಒಂದು ಗಂಟೆ ಕತ್ಲಲ್ಲಿದ್ದೆ," ಎಂದ. "ಆಚೆ ಬಂದ್ರೆ ಇಷ್ಟು ನೀರು! ಪ್ರತಿ ಸಲ ಇಲ್ಲಿಗೆ ಬಂದಾಗ್ಲೂ ಹಿಂಗೇ ಆಗತ್ತೆ ಮೇಡಂ. ಉಸಿರು ಎಳ್ಕೊಳ್ಳೋದು ಮರ್ತೋಗತ್ತೆ."

ಬೈಗುಳದ ಉಳಿದರ್ಧ ಅವಳ ಬಾಯಲ್ಲೇ ಉಳಿಯಿತು. ಯಾಕೆಂದರೆ ಅವಳಿಗೂ ಹಾಗೇ ಆಗುತ್ತಿತ್ತು.

ಅತ್ತಿಕುಂಟೆ ಕೆರೆ ತುಂಬಿದ್ದನ್ನು ಅವಳ ವಯಸ್ಸಿನವರು ಯಾರೂ ಕಂಡವರಲ್ಲ. ಯಲ್ದೂರಿನ ಕಡೆಯ ಮಾವಿನ ತೋಟಗಳನ್ನು ದಾಟಿ ಬಂದರೆ ಸಿಗುವ ಈ ಕೆರೆ, ಅವಳ ಬಾಲ್ಯದುದ್ದಕ್ಕೂ ಜಾಲಿ ಬೆಳೆದ ಬಯಲಾಗಿತ್ತು. ಕೆರೆಯ ಆಚೆ ದಡದಲ್ಲಿ ಗುಟ್ಟವೆಂದು ಕರೆಯುವ ಕಲ್ಲುಗುಡ್ಡದ ಬುಡಕ್ಕಿರುವ ಗುಟ್ಟಪಲ್ಲಿ ಅವಳ ಊರು. ಅಲ್ಲಿಯ ಹೆಂಗಸರು ಹಾಲಿನ ಕ್ಯಾನು ಹೊತ್ತು, ಕೆರೆಯಂಗಳದ ಕಾಲುದಾರಿಯಲ್ಲಿ ನೆಟ್ಟಗೆ ನಡೆದು ಈಚೆಯ ಅತ್ತಿಕುಂಟೆಯ ಡೇರಿಗೆ ಬರುತ್ತಿದ್ದರು. ಆಮೇಲೆ ಆ ವರ್ಷದ ಮಳೆ ಬಂತು. ಒಂದು ಬೆಳಿಗ್ಗೆ ಗಂಗಾಲಕ್ಷ್ಮಿ ಮನೆಯಿಂದ ಹೊರಬಂದಾಗ ಕಾಲುದಾರಿ ಇರಲಿಲ್ಲ, ಜಾಲಿ ಇರಲಿಲ್ಲ. ಗುಟ್ಟದ ಬುಡದಿಂದ ಕಟ್ಟೆಯ ತನಕ ಆಕಾಶವೇ ಮಲಗಿತ್ತು. ಊರಿಗೆ ಊರೇ ದಡದಲ್ಲಿ ನಿಂತು, ಅಲೆ ಬಂದು ಕಲ್ಲಿಗೆ ತಾಗುವ ಸದ್ದು ಕೇಳುತ್ತಿತ್ತು. ಆ ಸದ್ದು ಆ ಊರಿಗೇ ಹೊಸದು.

ನೀರಿಗೆ ಅರಿಶಿನ ಕುಂಕುಮ ಬಿಟ್ಟು ಪೂಜೆ ಮಾಡಿದ್ದಾಯಿತು. ಆದರೆ ಹಾಲು ಸುತ್ತು ಹಾಕಿಕೊಂಡು ಬರಬೇಕಾಯಿತು. ಕೋಡಿ ಹರಿದ ದಿನ ಆ ದಾರಿಯೂ ಇಲ್ಲ. ಲಾರಿ ಹೋದ ಮೇಲೆ ಬಂದ ಹಾಲು ಒಡೆದುಹೋಗುತ್ತಿತ್ತು. ಡೇರಿಯ ಕಾರ್ಯದರ್ಶಿಯಾಗಿದ್ದ ಗಂಗಾಲಕ್ಷ್ಮಿಯೇ ಬೋಟಿನ ಮಾತೆತ್ತಿದವಳು. ಸಂಘದ ಅಧ್ಯಕ್ಷ ಚನ್ನರಾಯಪ್ಪ, ಅವಳ ತಾತನ ತಮ್ಮ, ಮಾಲೂರಿನಲ್ಲಿ ಫೈಬರ್ ಟ್ಯಾಂಕು ಮಾಡುವ ಕಡೆ ಹೋಗಿ, ಮುಚ್ಚಿಹೋದ ಯಾವುದೋ ರೆಸಾರ್ಟಿನ ಹಳೆಯ ಬೋಟೊಂದನ್ನು ಕಂಡು ಬಂದರು. ಪೇಂಟು ಹೊಡೆಸಿ ತಂದದ್ದೂ ಆಯಿತು, ಮೊದಲ ದೊಡ್ಡ ಮಳೆಗೆ ಅದು ಮುಳುಗಿದ್ದೂ ಆಯಿತು. ಹತ್ತಾರು ಜನ ಹಗ್ಗ ಹಾಕಿ ದಡಕ್ಕೆ ಎಳೆದಿದ್ದರು. ಗುಜರಿಗೆ ಹಾಕಿಬಿಡೋಣ ಎನ್ನುವವರ ದನಿ ಸಂಘದಲ್ಲಿ ದಿನದಿನಕ್ಕೆ ಜೋರಾಗುತ್ತಿತ್ತು.

"ಬೋಟು ಟೊಳ್ಳಲ್ಲ ಮೇಡಂ," ಎಂದ ಭೀಮರಾಜ, ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ. "ಮೈ ಗಟ್ಟಿಯಾಗಿದೆ. ನೋಡಿ, ಈ ಡೆಕ್ಕಿನ ನಾಲ್ಕು ಮೂಲೇಲೂ ಒಂದೊಂದು ತೂತಿದೆ ಅಲ್ವಾ? ಮೇಲೆ ಬಿದ್ದ ಮಳೆ ಇದ್ರಲ್ಲಿ ಇಳ್ದು, ಒಳಗಿನ ಪೈಪಲ್ಲಿ ಹೋಗಿ, ಪಕ್ಕದಿಂದ ಆಚೆ ಬೀಳ್ಬೇಕು. ಆ ಪೈಪು ಹಳೇದಾಗಿ, ಒಣಗಿ ಸೀಳ್ಕೊಂಡಿವೆ. ಆಚೆ ಹೋಗ್ಬೇಕಾದ ನೀರು ಹೊಟ್ಟೆಗೆ ಹೋಯ್ತು. ಅಷ್ಟೇ ಕಾಯಿಲೆ."

"ಅಷ್ಟೇ ಆಗಿದ್ರೆ ಬದಲಾಯ್ಸಿ."

"ಮುಂದಿನ ಎರಡು ಬದಲಾಯ್ಸಿದೆ. ಹಿಂದಿನವು ಎಂಜಿನ್ ಪಕ್ಕ, ಡೀಸೆಲ್ ಟ್ಯಾಂಕ್ ಕೆಳಗೆ ಹೋಗಿವೆ. ಪೈಪು ಹಾಕಿದ್ಮೇಲೆ ನೆಲ ಮುಚ್ಚಿದಾರೆ. ಮುಂದೆ ಯಾರೋ ಒಬ್ರು ಇಲ್ಲಿಗೆ ಕೈ ಹಾಕ್ಬೇಕಾಗತ್ತೆ ಅಂತ ಕಟ್ಟಿದವನಿಗೆ ಹೊಳ್ದೇ ಇಲ್ಲ." ಅವನು ತನ್ನ ಭುಜವನ್ನು ತಾನೇ ಅಪರಾಧಿಯಂತೆ ನೋಡಿಕೊಂಡ. "ಡೆಕ್ ಕುಯ್ಯಬೇಕು. ಈ ಹವೆಗೆ ಫೈಬರ್ ಮತ್ತೆ ಕೂರೋ ಹೊತ್ಗೆ ಮಳೆಗಾಲ ಮುಗೀತದೆ."

ಅಷ್ಟರೊಳಗೆ ಸಂಘದವರು ಬೋಟನ್ನು ಗುಜರಿಗೆ ಹಾಕಿರುತ್ತಾರೆ. ಗಂಗಾಲಕ್ಷ್ಮಿ ಕಿಂಡಿಯನ್ನು ನೋಡಿದಳು. ತನ್ನ ಭುಜವನ್ನು ನೋಡಿಕೊಂಡಳು. 'ಒಣ ಕಡ್ಡಿ' ಎಂದು ಅವ್ವ ಮುನಿಯಲ್ಲಮ್ಮ ಬೈಯುತ್ತಿದ್ದ ಮೈ. ಸೆರಗನ್ನು ಸೊಂಟಕ್ಕೆ ಬಿಗಿದಳು.

"ಪಕ್ಕಕ್ಕೆ ಸರೀರಿ."

"ಮೇಡಂ, ಒಳಗೆ ಉಸಿರು ಕಟ್ಟತ್ತೆ..."

"ಟಾರ್ಚ್ ಕೊಡಿ. ಆಮೇಲೆ ಈ ಮೇಡಂ ಅನ್ನೋದು ಬಿಡಿ. ನನ್ ಹೆಸ್ರು ಗಂಗಾಲಕ್ಷ್ಮಿ."

ಕಾಲು ಮೊದಲು ಬಿಟ್ಟು, ಸೊಂಟ, ಎದೆ, ಕೊನೆಗೆ ತಲೆ. ಕಿಂಡಿ ಅವಳನ್ನು ನುಂಗಿಕೊಂಡಿತು. ಡೀಸೆಲ್ಲು, ಹಳೆಯ ಕೆಸರು, ಕಾದ ಅಂಟಿನ ವಾಸನೆ. ಮೊಣಕೈ ಊರಿ ಹಾವಿನ ಹಾಗೆ ಎಂಜಿನ್ನಿನ ಪಕ್ಕ ತೆವಳಿದಳು. ತಿರುಗಲು ಜಾಗವಿಲ್ಲ. ಒಂದು ಕ್ಷಣ ಟಾರ್ಚು ಆರಿಸಿ ಕಣ್ಣು ಮುಚ್ಚಿದಳು.

ಕಣ್ಣು ಬಿಟ್ಟಾಗ ಕತ್ತಲೆ ಇರಲಿಲ್ಲ.

ಬೋಟಿನ ಗೋಡೆಯೇ ಬೆಳಗುತ್ತಿತ್ತು. ಹೊರಗಿನ ಬಿಸಿಲು ಫೈಬರಿನ ಮೈಯನ್ನು ಹಾದು, ಬಾಳೆಎಲೆಯ ಹಿಂದೆ ಸೂರ್ಯ ನಿಂತ ಹಾಗೆ, ತಿಳಿಹಸಿರಾಗಿ, ಅಲ್ಲಲ್ಲಿ ನೀಲಿಯಾಗಿ ಒಳಗೆ ಇಳಿಯುತ್ತಿತ್ತು. ಫೈಬರಿನ ಒಳಗಿನ ನಾರುಗಳು ಎಲೆಯ ನರಗಳಂತೆ ಕಾಣುತ್ತಿದ್ದವು.

"ಗಂಗಾಲಕ್ಷ್ಮಿ ಅವ್ರೇ? ಚೆನ್ನಾಗಿದೀರಾ?"

"ರೀ..." ಎಂದಳು, ಪಿಸುಮಾತಿನಲ್ಲಿ, ಜೋರಾಗಿ ಮಾತಾಡಿದರೆ ಆ ಬೆಳಕು ಕದಡಿಬಿಡುತ್ತದೇನೋ ಎಂಬಂತೆ. "ಇಲ್ಲಿ ಬೆಳಕಿದೆ. ಗೋಡೆ ಒಳಗಿಂದ ಬೆಳಕು ಬರ್ತಿದೆ."

ಮೇಲಿನಿಂದ ಅವನು ಕೇಳಿದ, "ಯಾವ ಬಣ್ಣ? ನಾನು ತಲೆ ಹಾಕಿದ್ರೆ ಎಂಜಿನ್ನೇ ಅಡ್ಡ ಬರತ್ತೆ, ಗೋಡೆ ಕಾಣಲ್ಲ. ಎಷ್ಟು ಬೋಟ್ ರಿಪೇರಿ ಮಾಡಿದೀನಿ, ಒಂದ್ಸಲಾನೂ ನೋಡಿಲ್ಲ. ನಿಧಾನಕ್ಕೆ ಹೇಳಿ. ಪೈಪು ಆಮೇಲೆ."

ಅವಳು ಹೇಳಿದಳು. ಅವನು ಕೇಳುತ್ತ ಕೂತ.

*

ಬೆಳಗಿನ ಹಾಲು ಲಾರಿಗೇರಿದ ಮೇಲೆ, ಸಂಜೆಯ ಹಾಲು ಬರುವ ಮೊದಲು, ಆ ನಡುವಿನ ಹೊತ್ತು ಬೋಟಿನದಾಯಿತು.

ಎಡಗಡೆಯ ಪೈಪು ಮೊದಲು. ತುಕ್ಕು ಹಿಡಿದ ಕ್ಲ್ಯಾಂಪುಗಳನ್ನು ಅವಳು ಒಳಗಿನಿಂದ ಗರಗಸದ ತುಂಡಿನಲ್ಲಿ ಕುಯ್ದಳು. ಹಳೆಯ ಪೈಪಿನ ಬಾಲಕ್ಕೆ ಹಗ್ಗ, ಹಗ್ಗಕ್ಕೆ ಹೊಸ ಪೈಪು. ಅವನು ಮೇಲಿನಿಂದ ಹಳೆಯದನ್ನು ಎಳೆದರೆ ಹೊಸದು ಅದೇ ದಾರಿಯಲ್ಲಿ ಬರಬೇಕು. ಬಂತು, ಅರ್ಧ ದಾರಿಗೆ. ಅಲ್ಲಿ ಹಳೆಯದು ಹಪ್ಪಳದ ಹಾಗೆ ಮುರಿಯಿತು. ಮತ್ತೆ ತೆವಳು, ಮತ್ತೆ ಕಟ್ಟು. ಹೊಸ ಪೈಪು ಮೊಂಡು. ಡೇರಿಯಿಂದ ಕ್ಯಾನಿನಲ್ಲಿ ಬಿಸಿನೀರು ತಂದು ಅದರ ಬಾಯನ್ನು ಮೆತ್ತಗೆ ಮಾಡಿ, ಬಿಸಿ ಆರುವುದರೊಳಗೆ ತೂತಿನ ಮೂತಿಗೆ ತುರುಕಬೇಕು. ಅವಳ ಬೆರಳ ತುದಿಗಳು ಕೆಂಪಾಗುತ್ತಿದ್ದವು.

"ಸಾಕು, ಆಚೆ ಬನ್ನಿ," ಎನ್ನುತ್ತಿದ್ದ ಅವನು.

"ನೀವು ಬರ್ತೀರಾ ಒಳಗೆ?"

"ಒಂದು ಸಣ್ಣ ಜಾಗದಲ್ಲಿ ನಾನು ಹಿಡಿಸಲ್ಲ ಅಂತ ಯಾವತ್ತೂ ಇಷ್ಟು ಬೇಜಾರಾಗಿರ್ಲಿಲ್ಲ ಗಂಗಾ ಅವ್ರೇ."

ಅವಳು ಒಳಗೆ ಯಾರಿಗೂ ಕಾಣದ ಹಾಗೆ ನಕ್ಕಳು. ಒಳಗಿನ ಆ ಹಸಿರು ಬೆಳಕಿಗೆ ಮಾತ್ರ ಅದು ಕಂಡಿತು.

ಹೊಸ ಪೈಪು ಎರಡು ತುದಿಗೂ ಬಂದಾಗ ಒಂದು ವಿಚಿತ್ರ ಗೊತ್ತಾಯಿತು. ಕೆಳಗಿನ ತುದಿಯನ್ನು ಕೈಯಲ್ಲಿ ಹಿಡಿದು ಮಲಗಿದ್ದಳು. ಆ ತುದಿಯಿಂದ ಅವನ ದನಿ, ಕಿವಿಯಲ್ಲೇ ತುಟಿ ಇಟ್ಟು ಹೇಳಿದ ಹಾಗೆ, ಬೆಚ್ಚಗೆ ಬಂತು. "ಕಾಣ್ತಿದೆಯಾ?" ಅಷ್ಟೇ ಅಂದಿದ್ದ. ಅವಳ ಕುತ್ತಿಗೆಯ ಹಿಂದಿನ ಕೂದಲು ನಿಮಿರಿ ನಿಂತವು.

"ಕೂಗ್ಬೇಡಿ," ಎಂದಳು ಪೈಪಿನೊಳಗೆ.

"ಕೂಗ್ತಿಲ್ಲ. ಮೆಲ್ಲಗೇ ಹೇಳಿದ್ದು."

"ಅದಕ್ಕೇ ಹೇಳಿದ್ದು."

ಆಮೇಲೆ ಅವರಿಬ್ಬರೂ ಆ ಪೈಪಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಮಾತಾಡಿದರು. ಎದುರಿಗೆ ಕೂತರೆ ಅವನು ತನ್ನ ಕೈಯನ್ನೇ ನೋಡಿಕೊಂಡು ತಡವರಿಸುತ್ತಿದ್ದ. ಪೈಪಿನಲ್ಲಿ ನೀರು ಹರಿದ ಹಾಗೆ ಹೇಳುತ್ತಿದ್ದ. ಮುಳಬಾಗಿಲಿನ ಕಡೆ ಬೈರಕೂರು ತನ್ನ ಊರೆಂದ. ಟೊಮೆಟೊ ತೋಟದ ಮನೆ, ನೀರೆಂದರೆ ಬೋರ್‌ವೆಲ್ಲಿನ ಸದ್ದು ಮಾತ್ರ. ಇಪ್ಪತ್ತಕ್ಕೆ ಕರಾವಳಿಗೆ ಹೋಗಿ ಬೋಟಿನ ಕೆಲಸ ಕಲಿತದ್ದು, ಅಮ್ಮ ಹೋದ ಮೇಲೆ ಮಾಲೂರಿಗೆ ಬಂದು ಟ್ಯಾಂಕು ಮಾಡುತ್ತ ನಿಂತದ್ದು.

"ಕಡಲು ನೋಡಿದಾಗ ಹೆದ್ರಿಕೆ ಆಗಿತ್ತು. ಅದು ಯಾವಾಗ್ಲೂ ಅಲ್ಲೇ ಇತ್ತು, ನಾನಿಲ್ದೇ ಇದ್ರೂ ಇರತ್ತೆ. ಆದ್ರೆ ಬೋಟ್ ಇಳ್ಸೋಕೆ ಬಂದಾಗ ಈ ಕೆರೆ ನೋಡಿ ಅಳು ಬಂತು. ನಮ್ ಕಡೆ ನೀರು... ಅದು ಬಂದಿದ್ದು. ಬರ್ದೇನೂ ಇರ್ಬೋದಿತ್ತು."

ಅವಳೂ ಹೇಳಿದಳು. ನೋಡಲು ಬಂದ ಮೂರು ಕಡೆಯವರು ಅವಳನ್ನು ಒಪ್ಪಿದ್ದನ್ನು, ಮೂವರೂ ಹೊರಡುವಾಗ ಒಂದೇ ಮಾತು ಹೇಳಿದ್ದನ್ನು: ಡೇರಿ ಬಿಡಬೇಕು. "ನಸುಕಿಗೆ ಎದ್ದು ಹೋಗೋಳು, ಮನೆ ನೋಡ್ಕೊಳ್ಳಲ್ಲ ಅಂತ."

"ನೀವೇನಂದ್ರಿ?"

"ನನ್ನ ಕೈಗೆ ಹಾಲಿನ ವಾಸನೆ, ಸೋಪಿಗೆ ಹೋಗಲ್ಲ ಅಂದೆ."

ಪೈಪಿನಾಚೆ ಅವನು ನಕ್ಕ. ಆ ನಗು ಅವಳ ಕಿವಿಯಿಂದ ಎಲ್ಲೆಲ್ಲಿಗೋ ಇಳಿಯಿತು.

ಹೊರಬಂದಾಗ ಅವನು ಸೀತಾಫಲ ಬಿಡಿಸಿ ಕೊಟ್ಟ, ಅವಳ ಕೈ ಗ್ರೀಸಾಗಿದ್ದರಿಂದ. ಬೀಜ ಕೂಡ ತೆಗೆದಿದ್ದ. ಕೊಡುವಾಗ ಅವಳ ಕಡೆ ನೋಡಿದ, ಅವಳು ನೋಡಿದಾಗ ಕೆರೆಯ ಕಡೆ ನೋಡಿದ. ಕೆರೆಯ ಮೇಲೆ ಹೆಜ್ಜಾರ್ಲೆಗಳು ಬಿಳಿಯ ದೋಣಿಗಳ ಹಾಗೆ ಸಾಲಾಗಿ ಹೋಗುತ್ತಿದ್ದವು.

"ಹಕ್ಕಿ ನೋಡ್ತಿದೀರಾ?" ಎಂದಳು.

"ಹೂಂ."

"ನಾನು ಈ ಕಡೆ ಇದೀನಿ."

ಅವನ ಕಿವಿ ಕೆಂಪಾದವು. ಗಂಗಾಲಕ್ಷ್ಮಿಗೆ ತಾನು ಇಂಥ ಮಾತು ಆಡಬಲ್ಲವಳೆಂದು ಆ ತನಕ ಗೊತ್ತಿರಲಿಲ್ಲ. ಆದರೂ ಒಳಗೊಂದು ಮುಳ್ಳಿತ್ತು. ಇಷ್ಟು ಒಳ್ಳೆಯವನು, ಗೊತ್ತಿದ್ದೂ ಸೀಳಿದ ಪೈಪಿನ ಮೇಲೆ ಬಣ್ಣ ಬಳಿದು ತಮಗೆ ಬೋಟು ಕೊಟ್ಟನೆ?

*

ಆ ಮುಳ್ಳು ತೆಗೆದವರು ಚನ್ನರಾಯಪ್ಪ ತಾತ.

ಕೊನೆಯ ಪೈಪಿನ ಕೆಲಸ ಹಿಡಿದ ದಿನ ಅವರು ಕಟ್ಟೆಯ ಮೇಲೆ ಕೂತು, ದೂರದಿಂದ ಬೋಟನ್ನು ನೋಡುತ್ತಿದ್ದರು. ಬಿಸಿನೀರಿನ ಕ್ಯಾನು ಹಿಡಿದು ಹೋಗುತ್ತಿದ್ದವಳನ್ನು ಕರೆದರು.

"ಗಂಗಮ್ಮಾ, ಕೂತ್ಕೋ. ಆ ಹುಡುಗನ್ನ ನೀನು ಬೈದ್ಯಂತೆ."

"ಬೈದೆ ತಾತ. ತಪ್ಪೇನು?"

ಮುದುಕ ಶಲ್ಯದ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಅವನು ಮಾಲೂರಲ್ಲೇ ಹೇಳ್ದ ಕಣಮ್ಮ. 'ಒಳಗಿನ ಪೈಪು ಹೋಗಿವೆ, ಒಂದು ತಿಂಗಳು ಟೈಮ್ ಕೊಡಿ, ಮಾಡ್ಕೊಡ್ತೀನಿ' ಅಂದ. ಒಂದ್ಸಲ ಅಲ್ಲ, ಎರಡ್ಸಲ. ನಾನೇ ಬೇಡ ಅಂದೆ. ಬಣ್ಣ ಹೊಡ್ದು ಕಳ್ಸು ಅಂದೆ. ಸಂಘದಲ್ಲಿ ಹೇಳ್ಬೇಡ ಅಂತಾನೂ ಅಂದೆ."

"ಯಾಕ್ ತಾತ?"

"ಆಸೆ." ಅವರ ಕಣ್ಣು ನೀರಿನ ಮೇಲೇ ಇತ್ತು. "ಹುಡುಗನಾಗಿದ್ದಾಗ ಈ ಕೆರೇಲಿ ಈಜಾಡಿದೀನಿ. ಆಮೇಲೆ ಜಾಲಿನೇ ನೋಡಿದ್ದು. ಈಗ ತುಂಬೈತೆ. ಈ ವಯಸ್ಸಲ್ಲಿ ಒಂದು ತಿಂಗಳು ಕಾಯೋಕೆ ಧೈರ್ಯ ಬರ್ಲಿಲ್ಲ. ನೀರಿನ ಮೇಲೆ ಒಂದ್ಸಲ ಆಚೆ ದಡ ಮುಟ್ಬೇಕು ಅನ್ನಿಸ್ತು. ಬೋಟ್ ಮುಳುಗಿದ ದಿನ ಎಲ್ರೂ ಅವನ್ನ ಬಾಯಿಗೆ ಬಂದಂಗೆ ಅಂದ್ರು. ಅವನು ನನ್ ಕಡೆ ಒಂದ್ಸಲ ನೋಡ್ದ, ಸುಮ್ನಾದ. ಈಗ ಕೆಲ್ಸಕ್ಕೆ ರಜಾ ಹಾಕಿ, ತಾನಾಗೇ ಬಂದು ಮಾಡ್ತಾವ್ನೆ. ಸಂಜೆ ಸಂಘದಲ್ಲಿ ನಾನೇ ಹೇಳ್ತೀನಿ. ಮೊದ್ಲು ನಿಂಗೆ ಹೇಳ್ಬೇಕು ಅನ್ನಿಸ್ತು."

ಗಂಗಾಲಕ್ಷ್ಮಿ ಕ್ಯಾನು ಎತ್ತಿಕೊಂಡು ನಡೆದಳು. ಬಿಸಿನೀರು ತುಳುಕಿ ಪಾದಕ್ಕೆ ಬಿದ್ದರೂ ಗೊತ್ತಾಗಲಿಲ್ಲ.

ಬೋಟಿನಲ್ಲಿ ಅವನು ಬಲಮೂಲೆಯ ತೂತಿನ ಹತ್ತಿರ ಬೋರಲು ಮಲಗಿ, ಕೈಯನ್ನು ಮೊಣಕೈ ತನಕ ಒಳಗೆ ಬಿಟ್ಟುಕೊಂಡಿದ್ದ. "ಇವತ್ತು ಇದೊಂದೇ. ಅತಿ ಕಷ್ಟದ್ದು," ಎಂದ. ಅವಳು ಅವನ ಮುಖ ನೋಡಲಾಗದೆ ಕಿಂಡಿಗೆ ಇಳಿದಳು.

ಬಲಗಡೆಯದು ನಿಜಕ್ಕೂ ಕಷ್ಟದ್ದೇ. ಟ್ಯಾಂಕಿನ ಕೆಳಗೆ ಒಂದು ಕೈ ಮಾತ್ರ ಹೋಗುವ ಸಂದು. ಪೈಪಿನ ಮೇಲಿನ ತುದಿಯನ್ನು ತೂತಿನ ಮೂತಿಗೆ ಕೂರಿಸಲು ಎರಡು ಕೈ ಬೇಕು, ಜಾಗ ಒಂದಕ್ಕೇ ಇದೆ.

"ನಿಮ್ದೊಂದು, ನನ್ದೊಂದು," ಎಂದ ಅವನು ಮೇಲಿನಿಂದ. ತೂತಿನ ಮೂತಿಯನ್ನು ಸಡಿಲಿಸಿ ಎತ್ತಿ, ಆ ಸಂದಿನಲ್ಲಿ ತನ್ನ ಬೆರಳುಗಳನ್ನು ಕೆಳಗೆ ಬಿಟ್ಟ. ಅವಳು ಕೆಳಗಿನಿಂದ ಕೈ ಮೇಲಕ್ಕೆ ಚಾಚಿದಳು. ಕಾಣುವುದಿಲ್ಲ. ತಡಕಾಡಬೇಕು. ಬಿಸಿಯಾದ ಪೈಪಿನ ಅಂಚು, ಸೋಪಿನ ಜಾರು, ಅದರಾಚೆ ಅವನ ಬೆರಳು. ದಪ್ಪಗೆ, ಒರಟಾಗಿ, ಅಂಟು ಒಣಗಿ ಬಿರುಕು ಬಿಟ್ಟ ಬೆರಳು. ಅವು ತಾಗಿದ ಕೂಡಲೇ ಹಿಂದೆ ಸರಿದವು.

"ಸಾರಿ."

"ಸರೀಬೇಡಿ. ಪೈಪು ಬೀಳತ್ತೆ."

ಬೆರಳು ಮರಳಿ ಬಂದವು. ಇಬ್ಬರ ಕೈಯೂ ಸೇರಿ ಪೈಪನ್ನು ಹಿಡಿದು, ತಿರುಗಿಸಿ, ಒತ್ತಿ, ಇನ್ನೊಂದಿಷ್ಟು ಒತ್ತಿ. ಥಟ್ಟನೆ ಅದು ಕೂತಿತು. ಕ್ಲ್ಯಾಂಪು ಬಿಗಿಯುವ ತನಕ ಕೈ ತೆಗೆಯುವ ಹಾಗಿರಲಿಲ್ಲ. ಬಿಗಿದಾದ ಮೇಲೂ ಇಬ್ಬರೂ ತೆಗೆಯಲಿಲ್ಲ. ಬೋಟಿನ ಗೋಡೆಯಲ್ಲಿ ಮಧ್ಯಾಹ್ನದ ಹಸಿರು ಬೆಳಕು ಉಸಿರಾಡುತ್ತಿತ್ತು. ಲೋಕದಲ್ಲಿ ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ದೊಡ್ಡದು ಹಿಡಿಸುತ್ತದೆಂದು ಅವಳು ಬೆರಗಾಗಿ ಮಲಗಿದ್ದಳು.

ಕೈ ಬಿಡಿಸಿಕೊಂಡು ಅವಳು ಕೆಳಗಿನ ತುದಿಗೆ ತೆವಳಿದಳು. ಅದನ್ನಿನ್ನೂ ಪಕ್ಕದ ಗೋಡೆಗೆ ಜೋಡಿಸಿರಲಿಲ್ಲ. ಪೈಪಿಗೆ ಬಾಯಿಟ್ಟಳು.

"ತಾತ ಎಲ್ಲಾ ಹೇಳಿದ್ರು. ನಾನು ಅವತ್ತು ಬೈಬಾರ್ದಿತ್ತು. ತಪ್ಪಾಯ್ತು ಭೀಮರಾಜ್ ಅವ್ರೇ."

ಉತ್ತರವಾಗಿ ಒಂದು ಚೊಂಬು ತಣ್ಣೀರು ಅವಳ ಮುಖಕ್ಕೆ ಬಂತು.

"ಅಯ್ಯಯ್ಯೋ!" ಮೇಲೆ ಚೊಂಬು ಉರುಳಿದ ಸದ್ದು. "ಸೋರತ್ತಾ ನೋಡೋಣ ಅಂತ ಸುರಿದ್ಬಿಟ್ಟೆ! ನೀವು ಮಾತಾಡೋದು ಸುರಿದ್ಮೇಲೆ ಕೇಳಿಸ್ತು! ಗಂಗಾ ಅವ್ರೇ? ಬಿತ್ತಾ?"

"ಬಿತ್ತು," ಎಂದಳು, ಮೂಗಿನಿಂದ ನೀರು ಹೊರಹಾಕಿ. "ಇದು ಬೈದಿದ್ದಕ್ಕೆ ಸರಿಹೋಯ್ತು ಅನ್ಕೊಳ್ಳಿ."

"ನೀವು ಬೈದಿದ್ದು ನನ್ ಕಾಲಿಗೆ. ಅವು ಆವತ್ತೇ ಮರ್ತಿವೆ."

"ನೀವ್ಯಾಕೆ ಹೇಳ್ಲಿಲ್ಲ? ಒಂದು ಮಾತು ಅಂದಿದ್ರೆ ಮುಗೀತಿತ್ತು."

"ಬೋಟ್ ಇಳ್ಸಿದ ದಿನ ನಿಮ್ ತಾತ ಅದರ ಮೈ ಮೇಲೆ ಕೈಯಿಟ್ಟು ನಿಂತಿದ್ರು. ಹಸು ಕರು ಹಾಕ್ದಾಗ ಮುಟ್ತಾರಲ್ಲ, ಹಂಗೆ. ಅಂಥೋರ ಹೆಸ್ರು ಎಲ್ರ ಮುಂದೆ ಹೇಳಿ ನಾನೇನು ಗೆಲ್ಬೇಕಿತ್ತು? ಬೈಸ್ಕೊಂಡ್ರೆ ನನ್ ಮೈ ಏನು ಸವೆಯತ್ತಾ, ಸಾಕಷ್ಟಿದೆ."

ಅವಳು ಅತ್ತಳೋ, ಚೊಂಬಿನ ನೀರೇ ಕೆನ್ನೆಯ ಮೇಲಿತ್ತೋ, ಆ ಬೆಳಕಿನಲ್ಲಿ ಗೊತ್ತಾಗುವಂತಿರಲಿಲ್ಲ.

*

ಬೋಟು ಮತ್ತೆ ನೀರಿಗಿಳಿದ ದಿನ ಕೆರೆಯ ಎರಡೂ ದಡದಲ್ಲಿ ಜನ. ಸಂಘದಲ್ಲಿ ತಮ್ಮ ತಪ್ಪು ಹೇಳಿಕೊಂಡಿದ್ದ ಚನ್ನರಾಯಪ್ಪ ತಾತನನ್ನು ಮೊದಲು ಹತ್ತಿಸಿದರು. ಗುಟ್ಟಪಲ್ಲಿಯ ದಡಕ್ಕೆ ಹೋಗಿ ಬರುವಷ್ಟು ಹೊತ್ತೂ ಅವರು ಒಂದು ಕೈಯನ್ನು ನೀರಿನಲ್ಲಿ ಬಿಟ್ಟುಕೊಂಡು ಕೂತಿದ್ದರು.

ಆದರೆ ಹೆಂಗಸರು ನಂಬಲಿಲ್ಲ. "ಮಳೆ ಬರ್ಲಿ, ಆಮೇಲೆ ನೋಡೋಣ," ಎಂದರು. ನ್ಯಾಯವೇ. ಭೀಮರಾಜನೂ ಹಾಗೇ ಹೇಳಿದ. ರಜೆ ಮುಗಿದಿತ್ತು, ಆದರೂ ಮಳೆ ಬರುವ ತನಕ ಹೋಗಲಿಲ್ಲ.

ಅದು ಬಂದದ್ದು ಒಂದು ಮಧ್ಯಾಹ್ನ. ಗುಟ್ಟದ ಹಿಂದಿನಿಂದ ಮೋಡ ಎದ್ದು, ಕೆರೆ ಸೀಸದ ಬಣ್ಣಕ್ಕೆ ತಿರುಗಿತು. ಗಂಗಾಲಕ್ಷ್ಮಿ ಡೇರಿಯಿಂದ ಓಡಿದಳು. ಅವನು ಆಗಲೇ ಬೋಟಿನಲ್ಲಿ ನಿಂತಿದ್ದ. ಅವಳು ಹತ್ತಿದ ಕೂಡಲೇ ಮೊದಲ ಹನಿಗಳು, ಹುಣಿಸೆಬೀಜದಷ್ಟು ದಪ್ಪ, ಡೆಕ್ಕಿನ ಮೇಲೆ ಪಟಪಟ ಬಿದ್ದವು.

"ಒಳಗಿಂದ ನೋಡ್ಬೇಕು," ಎಂದಳು. "ಸೋರಿದ್ರೆ ಎಲ್ಲಿಂದ ಅಂತ ಗೊತ್ತಾಗತ್ತೆ. ಕಿಂಡಿ ಮುಚ್ಚಿ."

"ಮುಚ್ಚೋದಾ? ಬೇಡ, ನೀವು..."

ಅವಳು ಆಗಲೇ ಇಳಿದಾಗಿತ್ತು. ಅವನು ಮುಚ್ಚಳ ಎಳೆದ.

ಮಳೆ ಬಿತ್ತು. ತಲೆಯ ಮೇಲೆ ಸಾವಿರ ತಮಟೆ. ಗೋಡೆಯ ಬೆಳಕು ಬೂದಿಯಾಗಿ, ಕಡುಹಸಿರಾಗಿ, ಮಿಂಚು ಬಂದಾಗಲೊಮ್ಮೆ ಇಡೀ ಬೋಟಿನ ಮೈ ಒಳಗಿನಿಂದ ಬೆಳ್ಳಗೆ ಹೊತ್ತಿಕೊಳ್ಳುತ್ತಿತ್ತು. ಅವಳು ಪೈಪುಗಳ ಮೇಲೆ ಒಂದೊಂದು ಕೈ ಇಟ್ಟು ಮಲಗಿದಳು. ಮೊದಲು ಸಣ್ಣ ನಡುಕ. ಆಮೇಲೆ ತಣ್ಣಗಾಯಿತು ಪೈಪು. ಆಮೇಲೆ ನೀರು, ಇಡೀ ಆಕಾಶದ ನೀರು, ಅವಳ ಎರಡು ಅಂಗೈಗಳ ಕೆಳಗೆ ಗುಳುಗುಳು ಎನ್ನುತ್ತ, ಅವಳನ್ನು ಒಂದು ಹನಿಯೂ ಮುಟ್ಟದೆ ಹಾದು ಹೋಗತೊಡಗಿತು. ಬೋಟು ಅವಳನ್ನು ಹೊತ್ತು ಅಲೆಯ ಮೇಲೆ ಮೆಲ್ಲನೆ ತೂಗಿತು. ಕೆಳಗೆ ಕೆರೆ, ಮೇಲೆ ಮಳೆ, ನಡುವೆ ತಾನು, ಒಣಗಿ ಬೆಚ್ಚಗೆ. ಹುಟ್ಟುವ ಮೊದಲು ಹೀಗೇ ಇದ್ದಿರಬೇಕು ಎನ್ನಿಸಿತು.

"ಗಂಗಾ ಅವ್ರೇ! ನೀರು ಬಂತಾ?"

ಅವಳು ಕೇಳಿಸಿಕೊಂಡಳು. ಉತ್ತರ ಕೊಡಲು ಬಾಯಿ ತೆರೆಯಲಿಲ್ಲ. ಆ ಗಳಿಗೆ ಒಡೆದುಹೋಗುತ್ತಿತ್ತು.

"ಗಂಗಾ ಅವ್ರೇ? ಏನಾಯ್ತು?... ಗಂಗಾ! ಏಯ್ ಗಂಗಾ!"

ಮುಚ್ಚಳ ಕಿತ್ತು ಹಾರಿತು. ಮಳೆಯ ಜೊತೆ ಅವನ ಮುಖ ಕಿಂಡಿ ತುಂಬಿತು, ಕಣ್ಣಲ್ಲಿ ಅಷ್ಟೂ ಹೆದರಿಕೆ.

"ಇದೀನಿ," ಎಂದಳು. "ಒಂದು ಹನಿನೂ ಇಲ್ಲ. ಒಣಗಿದೆ ಎಲ್ಲಾ."

"ಮಾತಾಡ್ಬಾರ್ದಾ? ನನ್ ಜೀವಾನೇ..."

ಅವಳು ಕೈ ಚಾಚಿದಳು, ಅವನು ಎಳೆದುಕೊಂಡ. ಮಳೆಯಲ್ಲಿ ಇಬ್ಬರೂ ಡೆಕ್ಕಿನ ಮೇಲೆ ಕೂತರು. ಕ್ಷಣದಲ್ಲಿ ಅವಳೂ ತೊಪ್ಪೆಯಾದಳು. ಬೋಟಿನ ಎರಡೂ ಪಕ್ಕದಿಂದ ನಾಲ್ಕು ಧಾರೆಗಳು ಕೆರೆಗೆ ಸುರಿಯುತ್ತಿದ್ದವು, ಹಾಲು ಕರೆಯುವಾಗಿನ ಹಾಗೆ, ಬೆಳ್ಳಗೆ, ನೊರೆ ಎಬ್ಬಿಸಿ. ಕೆರೆಯ ಮೇಲೆ ಕೋಟಿ ಹನಿಗಳು ಕೋಟಿ ಮುಳ್ಳಾಗಿ ಏಳುತ್ತಿದ್ದವು. ಇಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದರು.

"ಗಂಗಾ ಅಂತ ಕರೆದ್ರಿ," ಎಂದಳು ಎಷ್ಟೋ ಹೊತ್ತಾದ ಮೇಲೆ.

"ಗಾಬ್ರಿಲಿ ಬಂದ್ಬಿಡ್ತು. ಬೇಜಾರಾ?"

"ಗಾಬ್ರಿ ಇಲ್ದೇನೂ ಕರೀರಿ."

ಅವನು ಮಳೆ ನೀರನ್ನು ಮುಖದಿಂದ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ಪೈಪಿಲ್ಲದೆ ಮಾತಾಡುವುದು ಅವನಿಗೆ ಕಷ್ಟವಾಗುತ್ತಿತ್ತು. "ಗಂಗಾ. ಶ್ರೀನಿವಾಸಪುರದ ಕಡೆ ಇನ್ನೆರಡು ಊರಿನೋರು ಬೋಟ್ ಕೇಳ್ತಿದಾರೆ. ಮಾಲೂರು ಬಿಟ್ಟು ಈ ಕಡೆನೇ ಒಂದು ಶೆಡ್ ಹಾಕೋಣ ಅಂತಿದೀನಿ. ನೀವು ನಸುಕಿಗೆ ಡೇರಿಗೆ ಹೋಗೋವಾಗ ಬೋಟ್ ಬಿಡೋಕೆ ಒಬ್ರು ಬೇಕಲ್ಲ. ನಾನು... ಅಡುಗೇನೂ ಮಾಡ್ತೀನಿ. ಮುದ್ದೆ ಮಾತ್ರ ಗಂಟಾಗತ್ತೆ."

"ಮುದ್ದೆ ನಾನು ತಿರುವ್ತೀನಿ."

ಅವನು ತಿರುಗಿ ನೋಡಿದ. ಈ ಸಲ ಕೆರೆಯ ಕಡೆ ನೋಡಲಿಲ್ಲ. ಅವಳು ಅವನ ಬಿರುಕು ಬಿಟ್ಟ ಬೆರಳುಗಳನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡು, ಹಗಲು ಬೆಳಕಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ ಹಿಡಿದಳು. ಅವನು ಅವಳ ಹಣೆಗೆ ತನ್ನ ಹಣೆ ತಾಗಿಸಿದ. ಮಳೆ ಇಬ್ಬರ ಮುಖದ ಮೇಲೂ ಒಂದೇ ಧಾರೆಯಾಗಿ ಇಳಿಯಿತು.

"ಎಂಜಿನ್ ಶುರು ಮಾಡಿ," ಎಂದಳು. "ಆಚೆ ದಡಕ್ಕೆ."

ಗುಟ್ಟಪಲ್ಲಿಯ ದಡದಲ್ಲಿ ಮುನಿಯಲ್ಲಮ್ಮ ಪ್ಲಾಸ್ಟಿಕ್ ಚೀಲವನ್ನು ಕೊಪ್ಪೆ ಮಾಡಿ ಹೊದ್ದು, ಮಗಳೆಲ್ಲಿ ಮುಳುಗಿದಳೋ ಎಂದು ನಿಂತಿದ್ದರು. ಬೋಟು ದಡ ಮುಟ್ಟಿತು. ಮಗಳು ಒಬ್ಬ ದೊಡ್ಡ ಆಳಿನ ಕೈ ಹಿಡಿದುಕೊಂಡೇ ಇಳಿದಳು.

"ಎವರೇ ಆಯನ?" ಎಂದರು ಮುನಿಯಲ್ಲಮ್ಮ, ಯಾರೇ ಇವನು ಎಂಬ ಪ್ರಶ್ನೆಯನ್ನು ಸಿಟ್ಟು ಬಂದಾಗ ಕೇಳುವ ತೆಲುಗಿನಲ್ಲೇ.

"ಭೀಮರಾಜ್ ಅಂತ. ಊಟಕ್ಕೆ ಕರ್ಕೊಂಡ್ ಬಂದೆ ಅವ್ವ."

"ಇವತ್ತಿಗಾ?"

"ಇವತ್ತಿಂದ."

ಮುನಿಯಲ್ಲಮ್ಮ ಅವನನ್ನು ತಲೆಯಿಂದ ಕಾಲಿನ ತನಕ ನೋಡಿದರು. ನೋಡಲು ಬೇಕಾದಷ್ಟಿತ್ತು, ಹೊತ್ತು ಹಿಡಿಯಿತು. ಮಗಳ ಮುಖವನ್ನೂ ನೋಡಿದರು. ಅಲ್ಲಿದ್ದದ್ದನ್ನು ಅವರು ಹಿಂದೆಂದೂ ಕಂಡಿರಲಿಲ್ಲ. ತಲೆಯ ಮೇಲಿನ ಕೊಪ್ಪೆ ತೆಗೆದು, ತುದಿಗಾಲ ಮೇಲೆ ನಿಂತು, ಅವನ ತಲೆಗೆ ಹಾಕಿದರು.

"ನಡಿ ನಾಯ್ನಾ," ಎಂದರು, ಮಗನನ್ನು ಕರೆಯುವ ಹಾಗೆ. "ನೆನೀಬೇಡ."